ಚಿತ್ರದ ನಡುವಿನ ಜಾಗ

"ಇದು ನೋಡಿ, ಇದಕ್ಕೆ ಚಿತ್ರ ಅಂತಾರೆ," ಎಂದರು ಮೇಷ್ಟ್ರು, ಕೈಯಲ್ಲಿದ್ದ ಪ್ರಿಂಟನ್ನು ಮುಖದೆದುರು ನೆಟ್ಟಗೆ ಹಿಡಿದು. "ಎಡಗಡೆ ಬಟ್ಟೆ ಒಣಗಿಸೋ ಹಗ್ಗ, ಬಲಗಡೆ ನೀರಿನ ಡ್ರಮ್ಮು. ನಡುವೆ ಬರೀ ಬಿಳಿ ಗೋಡೆ, ಒಂದು ನೊಣಾನೂ ಕೂತಿಲ್ಲ. ಆ ಖಾಲಿ ಜಾಗಾನೇ ಇದರ ಜೀವ. ನಮ್ಮ ಕೇಕಿನಕ್ಕ ಕಡೆಗೂ ಮಾತು ಕೇಳಿದಾಳೆ."

ಆ ಬಿಳಿ ಗೋಡೆಯ ನಟ್ಟನಡುವೆ ಕೇಕಿನಕ್ಕನ ಮಗಳು ಗುಬ್ಬಿ ನಿಂತಿದ್ದಳು. ಬಿಳಿ ಸಮವಸ್ತ್ರ, ಸೊಂಟದ ಮೇಲೆ ಎರಡು ಕೈ, ಯಾರನ್ನೋ ವಿಚಾರಿಸಿಕೊಳ್ಳಲು ಬಂದವಳ ಠೀವಿ. ಹೆಬ್ಬೆರಳಿನಷ್ಟೇ ಎತ್ತರ ಬಂದಿದ್ದಳು ನಿಜ, ಆದರೆ ಕಾಣದಿರುವಷ್ಟು ಚಿಕ್ಕವಳೇನೂ ಆಗಿರಲಿಲ್ಲ.

ತರಗತಿಯ ಮೂವರೂ ಕತ್ತು ಚಾಚಿ ಪ್ರಿಂಟು ನೋಡಿದರು. ಆಮೇಲೆ ಔಷಧಿ ಅಂಗಡಿಯವರು ಹೊಟ್ಟೆ ಕುಣಿಸಿಕೊಂಡು ನಕ್ಕರು. "ಕೇಳಿಸ್ತಾ ಕೇಕಿನಕ್ಕ? ನಿನ್ನ ಮಗಳು ನೊಣಕ್ಕಿಂತ ಕಡೆಯಾದ್ಲು! ಜನರನ್ನ ನಡುವೆ ನಿಲ್ಲಿಸಬೇಡಿ ಅಂತ ಇವರು ಎಷ್ಟು ಬಡ್ಕೊಂಡ್ರೂ ನಾವು ಕೇಳಲ್ಲ, ಅದಕ್ಕೇ ಈ ಮಂಗಳಾರತಿ." ಪಕ್ಕದಲ್ಲಿದ್ದ ಅಂಚೆಯಣ್ಣನೂ ನಕ್ಕರು. ಮೇಷ್ಟ್ರ ವ್ಯಂಗ್ಯ ಎಲ್ಲರಿಗೂ ಗೊತ್ತಿದ್ದದ್ದೇ. ಹೋದ ತಿಂಗಳು ಅಲುಗಾಡಿದ ಚಿತ್ರವೊಂದನ್ನು ನೋಡಿ "ಭೂಕಂಪದ ಸುದ್ದಿ ಜೊತೆ ಹಾಕೋಕೆ ಕಳಿಸಿ" ಅಂದಿದ್ದರು. ಕೇಕಿನಕ್ಕನೂ ನಕ್ಕಳು. ಎಲ್ಲರಿಗಿಂತ ಕೊನೆಗೆ ಮೇಷ್ಟ್ರು ನಕ್ಕರು. ನಕ್ಕು, ಪ್ರಿಂಟನ್ನು ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ ಕತ್ತು ವಾಲಿಸಿ ಇನ್ನೊಮ್ಮೆ ನೋಡಿದರು. "ಸೊಂಟದ ಮೇಲೆ ಕೈ ಬೇರೆ ಇಟ್ಟಿದಾಳೆ, ಕಳ್ಳಿ," ಎಂದರು. ಅಷ್ಟರಲ್ಲಿ ವಾಚನಾಲಯದ ಗುಮಾಸ್ತರು ಬಾಗಿಲಲ್ಲಿ ಬೀಗದ ಕೈ ಗೊಂಚಲು ಕುಲುಕಿಸಿದ್ದರಿಂದ ಅಂದಿನ ತರಗತಿ ಮುಗಿಯಿತು.

ಮೇಷ್ಟ್ರು ನಿಜಕ್ಕೂ ಮೇಷ್ಟ್ರೇನಲ್ಲ. ಶಾಲಾ ಮಕ್ಕಳ ವ್ಯಾನು ಓಡಿಸುವವರು. ಹರೆಯದಲ್ಲಿ ಸೋದರಮಾವ ಕೊಟ್ಟ ಹಳೆಯ ಕ್ಯಾಮೆರಾದಿಂದ ಹಿಡಿದ ಹುಚ್ಚು ಅರವತ್ತರ ಹತ್ತಿರ ಬಂದರೂ ಬಿಟ್ಟಿರಲಿಲ್ಲ. ನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹವ್ಯಾಸಿಗಳಿಗೆ ಪಾಠ ಹೇಳುತ್ತಿದ್ದರು. ಮೊದಲು ಒಂಬತ್ತು ಜನ ಬರುತ್ತಿದ್ದರು. ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದವರಿಗೆಲ್ಲ "ಮೊದಲು ಇರೋ ಫೋನಿನ ಗಾಜು ಒರೆಸಿ" ಎಂದು ಹೇಳಿ ಹೇಳಿ, ಆರು ಜನರನ್ನು ಅವರೇ ಓಡಿಸಿದ್ದರು. ಉಳಿದವರು ಈ ಮೂವರು. ಔಷಧಿ ಅಂಗಡಿಯವರು ತಮ್ಮ ಬೆಕ್ಕೊಂದನ್ನು ಬಿಟ್ಟು ಬೇರೆ ಏನನ್ನೂ ತೆಗೆಯುತ್ತಿರಲಿಲ್ಲ. ಅಂಚೆಯಣ್ಣ ಮೊದಲು ಸೈಕಲ್ಲಿನಲ್ಲಿ, ಆಮೇಲೆ ಅಂಚೆ ವ್ಯಾನಿನಲ್ಲಿ ಊರೆಲ್ಲ ತಿರುಗಿ ನಿವೃತ್ತರಾದವರು. ಕಾಗದ ಕೊಡುವಾಗ ಕಂಡ ಬಾಗಿಲುಗಳನ್ನು ಈಗ ಒಂದೊಂದಾಗಿ ಫೋಟೊ ಹಿಡಿಯುತ್ತಿದ್ದರು. ಬೇಕರಿಯಲ್ಲಿ ಕೇಕಿಗೆ ಕೆನೆಯ ಹೂವು ಬಿಡಿಸುವ ಕೇಕಿನಕ್ಕ, ತಾನು ಮಾಡಿದ್ದು ಯಾರದೋ ಹೊಟ್ಟೆ ಸೇರುವ ಮೊದಲು ಅದರ ಒಂದು ನೆನಪಾದರೂ ಇರಲಿ ಎಂದು ಬಂದವಳು.

ಮೇಷ್ಟ್ರ ಪಾಠ ಸರಳ. ಟ್ಯೂಬ್‌ಲೈಟು ಆರಿಸಿ, ಕಿಟಕಿ ಹತ್ತಿರ ಬನ್ನಿ. ಬೆಕ್ಕನ್ನು ತೆಗೆಯುವುದಾದರೆ ಬೆಕ್ಕಿನಷ್ಟೇ ಎತ್ತರಕ್ಕೆ ಇಳಿಯಿರಿ, ಪ್ಯಾಂಟು ಕೊಳೆಯಾದರೆ ಒಗೆದುಕೊಳ್ಳಿ. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಉಸಿರು ಹಿಡಿಯಿರಿ. ಒತ್ತುವ ಮೊದಲು ನಾಲ್ಕೂ ಮೂಲೆ ನೋಡಿ, ಯಾರ ತಲೆಯಿಂದಲೋ ವಿದ್ಯುತ್ ಕಂಬ ಮೊಳೆತಿರುತ್ತದೆ. ಇದೆಲ್ಲಕ್ಕಿಂತ ದೊಡ್ಡದೊಂದಿತ್ತು: "ಸಾಮಾನು ಸರಿಸಬೇಡಿ, ನೀವೇ ಒಂದು ಹೆಜ್ಜೆ ಸರೀರಿ. ಅದು ಇದ್ದಲ್ಲೇ ಇರಲಿ. ಕಾಣಬೇಕಾದೋರು ನೀವು ತಾನೆ?" ಕೇಕಿನಕ್ಕ ಒಂದು ಭಾನುವಾರ ಕೇಕಿನ ಕೆಳಗೆ ಇಡುವ ಬೆಳ್ಳಿಬಣ್ಣದ ರಟ್ಟನ್ನು ತಂದು, ಅದನ್ನು ಹಿಡಿದು ಕಿಟಕಿಯ ಬೆಳಕನ್ನು ಮುಖದ ನೆರಳಿನ ಕಡೆಗೆ ತಿರುಗಿಸಿ ತೋರಿಸಿದಾಗ, ಮೇಷ್ಟ್ರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅಂದಿನಿಂದ ಆ ರಟ್ಟು ತರಗತಿಯ ಆಸ್ತಿಯಾಗಿತ್ತು.

ಜನರನ್ನು ನಡುವೆ ಇಡಬೇಡಿ, ನಡುವೆ ಖಾಲಿ ಬಿಡಿ ಎಂಬ ಪಾಠ ಮಾತ್ರ ಈಚಿನದು.

ಆ ದಿನ ಕೇಕಿನಕ್ಕ ಮೆಟ್ಟಿಲಿಳಿದ ಮೇಲೆ ರಟ್ಟು ಮರೆತದ್ದು ನೆನಪಾಗಿ ವಾಪಸು ಹೋದಳು. ಗುಮಾಸ್ತರು ಗೊಣಗುತ್ತ ಬಾಗಿಲು ತೆರೆದರು. ರಟ್ಟು ಗೋಡೆಗೆ ಒರಗಿತ್ತು. ಅದರ ಮೇಲ್ಗಡೆ ಗೋಡೆಯಲ್ಲಿ, ಪ್ರತಿ ವರ್ಷದ ಕೊನೆಗೆ ಎಲ್ಲರೂ ಒಂದೊಂದು ಅಂಟಿಸುವ ಚಿತ್ರಗಳ ಸಾಲು. ಮೇಷ್ಟ್ರ ನಾಲ್ಕೂ ಚಿತ್ರ ಅವರ ಹೆಂಡತಿಯವು. ಮೊದಲ ವರ್ಷ ಅವರು ಸೂಜಿಗೆ ದಾರ ಪೋಣಿಸುತ್ತ ಚಿತ್ರದ ನಡುವೆಯೇ ಕೂತಿದ್ದರು. ತುಟಿಗೆ ತಾಗಿದ ದಾರದ ಎಳೆ ಕೂಡ ಕಾಣುತ್ತಿತ್ತು. ಎರಡನೆಯ ವರ್ಷ ತುಸು ಪಕ್ಕಕ್ಕೆ ಸರಿದಿದ್ದರು. ಮೂರನೆಯದರಲ್ಲಿ ಇನ್ನಷ್ಟು. ಈ ವರ್ಷದ್ದರಲ್ಲಿ ಅರ್ಧ ಮುಖ ಅಂಚಿನಾಚೆ ಹೋಗಿ, ಒಂದು ಕಿವಿಯೂ ಒಂದು ಕಣ್ಣೂ ಮಾತ್ರ ಉಳಿದಿದ್ದವು. ನಡುವೆ ಏನೂ ಇರಲಿಲ್ಲ, ಒಂದು ಖಾಲಿ ಅಂಗಳ. ಕೇಕಿನಕ್ಕ ಇವನ್ನು ನೂರು ಸಲ ನೋಡಿದ್ದಳು. ಶೈಲಿ ಬೆಳೆಯುವುದು ಎಂದರೆ ಹೀಗೇ ಇರಬೇಕು ಎಂದುಕೊಂಡಿದ್ದಳು. ಇವತ್ತು ಯಾಕೋ ರಟ್ಟು ಎತ್ತಿಕೊಂಡವಳು ಅಲ್ಲೇ ನಿಂತಳು.

"ಏನಮ್ಮ, ಇಲ್ಲೇ ಹಾಸಿಗೆ ಹಾಸಲಾ?" ಎಂದರು ಗುಮಾಸ್ತರು.

ಮನೆಯಲ್ಲಿ ಗುಬ್ಬಿ ಊಟಕ್ಕೆ ಕೂತು ಅಪ್ಪನಿಗೆ ಕಥೆ ಹೇಳುತ್ತಿದ್ದಳು. ಅಪ್ಪನದು ಕ್ಷೌರದಂಗಡಿ, ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಊಟಕ್ಕೆ ಬರುವುದೇ ದೊಡ್ಡದು. ಆ ಅರ್ಧ ಗಂಟೆಯೂ ಮಗಳ ಪಾಲು.

"ಈ ವಾರ ನಾನೇ ಫಸ್ಟು ಅಪ್ಪ, ಏಳು ಚಾಕಲೇಟು! ಹಲ್ಲುಬಿದ್ದೋನಿಗೆ ಮೂರೇ."

"ಯಾವುದಕ್ಕೇ ಚಾಕಲೇಟು?"

"ವ್ಯಾನಲ್ಲಿ ಆಟ. ಸಿಗ್ನಲ್ ಹತ್ರ ಬಂದ ತಕ್ಷಣ ಕೆಂಪಾ ಹಸಿರಾ ಅಂತ ಯಾರು ಮೊದಲು ಕೂಗ್ತಾರೋ ಅವರಿಗೆ ಮೇಷ್ಟ್ರು ಚಾಕಲೇಟು ಕೊಡ್ತಾರೆ. ರಸ್ತೆ ಮೇಲೆ ಯಾರಾದ್ರೂ ಅಡ್ಡ ಬಂದ್ರೆ ಅದನ್ನ ಕೂಗಿದ್ರೂ ಕೊಡ್ತಾರೆ. ಅವತ್ತು ಛತ್ರಿ ಅಜ್ಜಿನ ನಾನು ಕೂಗಿದ್ದಕ್ಕೆ ಎರಡು ಕೊಟ್ರು."

ಕೇಕಿನಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಖಾಲಿ ಗೋಡೆ, ವಾಲಿಸಿದ ಕತ್ತು, ಅಂಚಿಗೆ ಸರಿದ ಹೆಂಡತಿ, ಮಕ್ಕಳ ಬಾಯಲ್ಲಿ ಕೆಂಪು ಹಸಿರು. ಒಂದೊಂದೇ ಬಿಡಿಯಾಗಿದ್ದಾಗ ಯಾವುದಕ್ಕೂ ಅರ್ಥವಿರಲಿಲ್ಲ. ಒಟ್ಟಿಗೆ ಬಂದಾಗ ಅವಳು ತುತ್ತನ್ನು ತಟ್ಟೆಗೆ ಇಳಿಸಿದಳು. ಮೇಷ್ಟ್ರಿಗೆ ನಡುವೆ ಇರುವುದು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಹೋಗುವ ಮನುಷ್ಯನಿಗೆ ಎದುರಿಗಿರುವುದು ಕಾಣುವುದಿಲ್ಲ.

ಗುಬ್ಬಿ ಕೈತೊಳೆಯಲು ಎದ್ದು ಹೋದ ಮೇಲೆ ಗಂಡನಿಗೆ ಹೇಳಿದಳು. ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಮುಖ ಒರೆಸಿಕೊಂಡ.

"ನಾಳೆಯಿಂದ ಗುಬ್ಬೀನ ನಾನೇ ಬಿಟ್ಟು ಬರ್ತೀನಿ," ಎಂದ. "ನಾಳೆ ಹೇಗೂ ಅಂಗಡಿ ರಜ. ಬೇಕಾದ್ರೆ ನಾಳೆ ಒಂದಿನ ಮನೇಲೇ ಇರಲಿ."

"ಮಿಕ್ಕೋರು?"

"ಅವರಿಗೂ ಅಪ್ಪ ಅಮ್ಮ ಇದಾರೆ. ನಿನಗೆ ಬಂದಿರೋದು ಅನುಮಾನ. ಅದು ಸುಳ್ಳಾದ್ರೆ? ಪಾಪದ ಮನುಷ್ಯ, ಅವರ ಬಾಳಿಗೆ ಕಲ್ಲು ಹಾಕಿದ ಹಾಗಾಗುತ್ತೆ. ಊರ ಉಸಾಬರಿ ನಮಗ್ಯಾಕೆ."

ಅವನದು ಕೆಟ್ಟ ಮನಸ್ಸಲ್ಲ. ಕೇಕಿನಕ್ಕನಿಗೂ ಆ ಮಾತು ಆ ಹೊತ್ತಿಗೆ ಹಾಯೆನಿಸಿತು. ಮಗಳು ಮನೆಯಲ್ಲಿದ್ದರೆ ಸಾಕು, ಮಿಕ್ಕದ್ದು ಆಮೇಲೆ ನೋಡಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೋಮವಾರ ಎಂಟಕ್ಕೆ ವ್ಯಾನು ಗೇಟಿನೆದುರು ಬಂದು ನಿಂತಿತು. ಎಂದಿನ ಹಾಗೆ ನಿಧಾನವಾಗಿ, ಎಂದಿನ ಹಾಗೆ ಗೇಟಿನ ಕಲ್ಲಿಗೆ ಒಂದು ಗೇಣು ದೂರದಲ್ಲಿ. "ಗುಬ್ಬಿ ಎಲ್ಲಿ?" ಎಂದು ಮೇಷ್ಟ್ರು ಕೇಳಿದರು. ಕೇಳುವಾಗ ಅವರ ಕಣ್ಣು ಗೇಟಿನ ಕಂಬದ ಮೇಲಿತ್ತು. ಹೆಂಗಸರ ಮುಖ ನೋಡಿ ಮಾತಾಡುವ ಅಭ್ಯಾಸ ಈ ಮನುಷ್ಯನಿಗಿಲ್ಲ, ಸಂಕೋಚದ ಪ್ರಾಣಿ ಎಂದು ಕೇಕಿನಕ್ಕ ಇಷ್ಟು ದಿನ ಮೆಚ್ಚಿಕೊಂಡಿದ್ದಳು.

"ಹೊಟ್ಟೆನೋವು ಮೇಷ್ಟ್ರೇ. ಇವತ್ತು ಬರಲ್ಲ."

"ಚಾಕಲೇಟು ಜಾಸ್ತಿ ಆಯ್ತೇನೋ. ನಂದೇ ತಪ್ಪು," ಎಂದು ನಕ್ಕು ಮೇಷ್ಟ್ರು ಗೇರು ಹಾಕಿದರು.

ಹಲ್ಲುಬಿದ್ದವನು ಹಿಂದಿನ ಕಿಟಕಿಗೆ ಮೂಗು ಒತ್ತಿಕೊಂಡು ಅವಳತ್ತ ಕೈಬೀಸಿದ. ಅಭ್ಯಾಸಬಲದಿಂದ ಅವಳೂ ಕೈ ಎತ್ತಿ ಟಾಟಾ ಮಾಡಿದಳು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಕೈ ಮೇಲೇ ಇತ್ತು. ಆಮೇಲೆ ಅದನ್ನು ಇಳಿಸಿ, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಳು. ಒಳಗೆ ಹೊಟ್ಟೆನೋವಿನ ಗುಬ್ಬಿ ಮಂಚದ ಮೇಲೆ ಕುಣಿಯುತ್ತಿದ್ದಳು.

ಬೇಕರಿಯಲ್ಲಿ ಅಂದು ಯಾರದೋ ಐವತ್ತನೆಯ ಹುಟ್ಟುಹಬ್ಬದ ಕೇಕು. ಅಂಚಿಗೆಲ್ಲ ಗುಲಾಬಿ ಬಿಡಿಸಿ ಮುಗಿಸಿದಳು, ಹೆಸರು ಬರೆಯಲು ನಡುವಿಗೆ ಬಂದಾಗ ಕೈ ನಿಂತಿತು. ಬೀದಿಯಲ್ಲಿ ಯಾವುದೋ ಗಾಡಿ ಕಿರ್ರೆಂದು ಬ್ರೇಕು ಹಾಕಿದರೂ ಸಾಕು, ಕೈಯಲ್ಲಿದ್ದ ಕೆನೆಯ ಚೀಲ ಹಿಂಡಿ ಹೋಗುತ್ತಿತ್ತು. "ಕೇಕಿನ ಮೇಲೆ ಬರಿ ಅಂದ್ರೆ ಮೇಜಿನ ಮೇಲೆ ಬರೀತೀಯಲ್ಲ, ಏನಾಗಿದೆ ನಿನಗೆ?" ಎಂದು ಬೇಕರಿಯ ಯಜಮಾನರು ಕೇಳಿದರು. ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು. ಅನುಮಾನವೇ ಆಗಿದ್ದರೆ ಮಗಳನ್ನು ಮನೆಯಲ್ಲಿ ಯಾಕೆ ಉಳಿಸಿಕೊಂಡೆ? ನಿಜ ಎಂದು ಗೊತ್ತಿದ್ದರೆ ಮಿಕ್ಕ ಹನ್ನೊಂದು ಮಕ್ಕಳನ್ನು ಹೇಗೆ ಕಳಿಸಿದೆ? ಒಂದು ಗಂಟೆಗೆ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಹೇಳಿಯೂ ಹೇಳದಂತೆ ಹೊರಟಳು.

ಮೇಷ್ಟ್ರ ಮನೆ ಎರಡು ಬೀದಿಯಾಚೆ. ವ್ಯಾನು ಮರದ ನೆರಳಲ್ಲಿ ನಿಂತಿತ್ತು. ಮೇಷ್ಟ್ರು ಒದ್ದೆ ಕಾಗದದಿಂದ ಅದರ ಗಾಜು ಉಜ್ಜುತ್ತಿದ್ದರು. ಗಾಜಿನಲ್ಲಿ ಕೊಳೆಯ ಸುಳಿವೇ ಇರಲಿಲ್ಲ, ಆದರೂ ಉಜ್ಜುತ್ತಿದ್ದರು. ಅವಳ ದನಿ ಕೇಳಿ ಒಳಗಿನಿಂದ ಅವರ ಹೆಂಡತಿ ಬಂದರು. ನಗುಮುಖದ ದಪ್ಪ ಹೆಂಗಸು.

"ಬಾರಮ್ಮ. ನಿಮ್ಮ ಮೇಷ್ಟ್ರಿಗೆ ಒಂದು ಮಾತು ನೀನಾದ್ರೂ ಹೇಳು. ಮೊದಲೆಲ್ಲ ನನ್ನ ಫೋಟೊ ತೆಗೆದ್ರೆ ಮಹಾರಾಣಿ ಹಾಗೆ ನಡುವೆ ಇರ್ತಿದ್ದೆ. ಈಗ ಮೂಲೆಗೆ ತಳ್ಳಿದಾರೆ. ಹೋದ ಸಲ ಬರೀ ಕಿವಿ! ವಯಸ್ಸಾಯ್ತು ನೋಡು, ಇಷ್ಟಿಷ್ಟೇ ಕತ್ತರಿಸ್ತಾ ಬರ್ತಿದಾರೆ." ಹೇಳಿ, ತಾವೇ ನಕ್ಕು, ಚಹಾ ಇಡಲು ಒಳಗೆ ಹೋದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಕೇಕಿನಕ್ಕ ಪಕ್ಕಕ್ಕಿಟ್ಟಳು. ಅವಳಿಗೆ ತೋಚಿದ್ದು ಒಂದೇ.

"ಮೇಷ್ಟ್ರೇ, ನನ್ನದೊಂದು ಫೋಟೊ ತೆಗೀರಿ."

"ಈಗಾ? ಮಟಮಟ ಮಧ್ಯಾಹ್ನ. ಬಿಸಿಲಲ್ಲಿ ನಿಂತ್ರೆ ಕಣ್ಣ ಕೆಳಗೆ ಮಸಿ ಬಳಿದ ಹಾಗೆ ನೆರಳು ಬೀಳುತ್ತೆ, ಮರೆತ್ಯಾ?" ಆದರೂ ಅವರಿಗೆ ಖುಷಿಯಾಗಿತ್ತು. ವ್ಯಾನಿನ ಸೀಟಿನಿಂದ ಕ್ಯಾಮೆರಾ ಚೀಲ ತೆಗೆದರು. "ಹೊಸ್ತಿಲ ಒಳಗೆ ನಿಂತ್ಕೋ. ಒಂದೇ ಒಂದು ಹೆಜ್ಜೆ ಒಳಗೆ. ಅಲ್ಲಿ ಬೆಳಕು ಮೆತ್ತಗಿರುತ್ತೆ. ಹಾಂ, ಹಾಗೆ. ಈಗ ನಾನು ಈ ಕಡೆ ಸರೀತೀನಿ."

"ಸರೀಬೇಡಿ. ನನ್ನ ನಡುವೆ ಇಟ್ಟು ತೆಗೀರಿ."

"ನಡುವೆ ಇಟ್ರೆ ಗುರುತಿನ ಚೀಟಿ ಫೋಟೊ ಆಗುತ್ತಮ್ಮ."

"ಆಗಲಿ. ನನ್ನ ಮುಖಾನೇ ನೋಡಿ. ನೋಡಿ, ನಾನು ಹೇಗಿದೀನಿ ಹೇಳಿ, ಆಮೇಲೆ ಒತ್ತಿ."

ಮೇಷ್ಟ್ರು ಮೊಣಕೈ ಪಕ್ಕೆಗೆ ಒತ್ತಿ ಕ್ಯಾಮೆರಾ ಎತ್ತಿದರು. ಕತ್ತು ವಾಲಿಸಲು ಹೋಗಿ, ಬೇಡವೆಂದು ನೆಟ್ಟಗೆ ಮಾಡಿಕೊಂಡರು. ಇಷ್ಟು ವರ್ಷ ಅವಳಿಗೆ ಬೆಳಕು ನೋಡಲು ಕಲಿಸಿದ ಕೈಗಳು ಸ್ವಲ್ಪವೂ ನಡುಗುತ್ತಿರಲಿಲ್ಲ. ಅದನ್ನು ನೋಡುತ್ತಿದ್ದಂತೆ ಕೇಕಿನಕ್ಕನ ಕಣ್ಣು ತುಂಬಿ ಬಂತು. ತಡೆದರೂ ನಿಲ್ಲಲಿಲ್ಲ, ಕೆನ್ನೆಯ ಮೇಲೆ ಧಾರೆಯಾಗಿ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ನಗ್ತಾ ಇದೀಯ," ಎಂದರು ಮೇಷ್ಟ್ರು. "ಚೆನ್ನಾಗಿದೆ. ಹಾಗೇ ಇರು." ಕ್ಯಾಮೆರಾ ಕ್ಲಿಕ್ಕೆಂದಿತು.

ಚಹಾದ ಲೋಟ ಹಿಡಿದು ಬಂದ ಹೆಂಡತಿ ಅವಳ ಮುಖ ನೋಡಿ ಅಲ್ಲೇ ನಿಂತರು. "ಅಯ್ಯೋ, ಯಾಕಮ್ಮ? ಯಾಕೆ ಹೀಗೆ ಅಳ್ತಿದೀಯ?"

ಮೇಷ್ಟ್ರು ಕ್ಯಾಮೆರಾ ಇಳಿಸಿದರು. ಹೆಂಡತಿಯ ಮಾತು ಕೇಳಿ, ಕೇಕಿನಕ್ಕನ ಸುಮ್ಮನಿರುವಿಕೆ ಕೇಳಿ, ನಿಧಾನವಾಗಿ ಹಿಂದೆ ಹಿಂದೆ ಸರಿದು ವ್ಯಾನಿನ ಮೆಟ್ಟಿಲ ಮೇಲೆ ಕೂತರು. ತುಂಬ ಹೊತ್ತು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಯಾವಾಗಿಂದ ಮೇಷ್ಟ್ರೇ?"

"ಎರಡು ವರ್ಷ. ಮೊದಮೊದಲು ಸಾಲು ಡೊಂಕಾಗಿ ಕಾಣ್ತಿತ್ತು ಅಷ್ಟೇ. ಈಗ ಆರೇಳು ತಿಂಗಳಿಂದ ನಡುವೆ ಹೊಗೆ ಕೂತ ಹಾಗಿದೆ. ಎಲ್ಲಿ ನೋಡ್ತೀನೋ ಅಲ್ಲೇ ಇರುತ್ತೆ. ಪಕ್ಕ ಎಲ್ಲಾ ಸ್ವಚ್ಛ. ಅದೋ, ಆ ಮೂಲೇಲಿ ಇರುವೆ ಹೋಗ್ತಿದ್ರೂ ಹೇಳ್ತೀನಿ. ನೆಟ್ಟಗೆ ನೋಡಿದ್ದು ಮಾತ್ರ ಇರಲ್ಲ." ಕ್ಯಾಮೆರಾ ಚೀಲದ ಮೇಲೆ ಕೈ ಇಟ್ಟು ಅಂದರು, "ಡಾಕ್ಟರಿಗೆ ತೋರಿಸ್ದೆ. ಗಾಡಿ ಓಡಿಸೋದು ನಿಲ್ಲಿಸಿ ಅಂದ್ರು. ಆ ಚೀಟಿ ಈ ಚೀಲದಲ್ಲೇ ಇದೆ."

ಹೆಂಡತಿ ಲೋಟವನ್ನು ಹೊಸ್ತಿಲ ಮೇಲಿಟ್ಟರು. ಅವರ ನಗು ಯಾವಾಗಲೋ ಹೋಗಿತ್ತು. "ನನ್ನ ಮೂಲೆಗೆ ಇಟ್ಟಿದ್ದು ಇದಕ್ಕಾ?" ಎಂದರು. "ಅಲ್ಲಿಟ್ರೆ ಕಾಣ್ತೀನಿ ಅಂತಾನಾ?"

"ಹೂಂ."

"ನಾನು ಏನೇನೋ ಅಂದ್ಕೊಂಡೆನಲ್ಲ," ಎಂದು ಅವರು ಗಂಡನಿಗೆ ಬೆನ್ನು ತಿರುಗಿಸಿ ಸೆರಗಿನಿಂದ ಮುಖ ಒತ್ತಿಕೊಂಡರು.

"ಒಂದು ಗೀರೂ ಆಗಿಲ್ಲಮ್ಮ," ಎಂದು ಮೇಷ್ಟ್ರು ಕೇಕಿನಕ್ಕನ ಕಡೆ ತಿರುಗಿದರು. ದನಿಯಲ್ಲಿ ಈಗ ಸಿಟ್ಟಿತ್ತು. "ಇಷ್ಟು ವರ್ಷದಲ್ಲಿ ಒಂದೇ ಒಂದು ಗೀರು ತೋರಿಸು ನೋಡೋಣ. ಅದೇ ರಸ್ತೆ, ಅದೇ ಗುಂಡಿ, ಅದೇ ತಿರುವು. ಕಣ್ಣು ಕಟ್ಟಿದ್ರೂ ಹೋಗ್ತೀನಿ."

"ಛತ್ರಿ ಅಜ್ಜಿ?"

ಸಿಟ್ಟು ಇಳಿಯಿತು. ಅವರು ತಲೆ ತಗ್ಗಿಸಿದರು. "ಛತ್ರಿ ತುದಿ ಮಾತ್ರ ಕಂಡಿತ್ತು," ಎಂದರು. "ನಿನ್ನ ಮಗಳು ಕಿರುಚದೇ ಇದ್ದಿದ್ರೆ..."

ಕೇಕಿನಕ್ಕ ಹೊಸ್ತಿಲಿಂದ ಇಳಿದು ಬಂದು ಅವರ ಎದುರಿಗೆ ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತಳು. "ಗುಬ್ಬಿಗೆ ಹೊಟ್ಟೆನೋವಿಲ್ಲ ಮೇಷ್ಟ್ರೇ. ನಿನ್ನೆ ಮಧ್ಯಾಹ್ನವೇ ನನಗೆ ಗೊತ್ತಾಯ್ತು. ಗೊತ್ತಾಗಿ, ನನ್ನ ಮಗೂನ ಮಾತ್ರ ಇಳಿಸ್ಕೊಂಡೆ. ಮಿಕ್ಕ ಹನ್ನೊಂದು ಮಕ್ಕಳನ್ನ ನಿಮ್ಮ ಜೊತೆ ಕಳಿಸಿ ಟಾಟಾ ಮಾಡಿದೆ. ನಿಮಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೆ ಇನ್ನೊಂದು ಸಲ ಹಾಗೆ ಕೈ ಎತ್ತೋಕೆ ನನ್ನಿಂದ ಆಗಲ್ಲ."

ಬೀದಿಯ ಕೊನೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಮೇಷ್ಟ್ರು ಆ ಕಡೆ ಕಿವಿಗೊಟ್ಟು ಕೂತಿದ್ದರು.

"ಬೆಳಿಗ್ಗೆ ಎದ್ರೆ ಹನ್ನೆರಡು ಮಕ್ಕಳು ನನ್ನ ಕಾಯ್ತಿರ್ತಾವೆ," ಎಂದರು. "ಭಾನುವಾರ ನೀವು ಮೂರು ಜನ. ವ್ಯಾನೂ ಹೋಗಿ ಕ್ಯಾಮೆರಾನೂ ಹೋದ್ರೆ ನಾನು ಯಾರಮ್ಮ? ಈ ಮರದ ಕೆಳಗೆ ಕೂತಿರೋ ಒಬ್ಬ ಮುದುಕ."

ಕೇಕಿನಕ್ಕ ಹೊಸ್ತಿಲ ಮೇಲಿದ್ದ ಚಹಾದ ಲೋಟ ತಂದು ಅವರ ಪಕ್ಕದಲ್ಲಿಟ್ಟಳು.

ಒಳಗೆ ಗಡಿಯಾರ ಎರಡು ಹೊಡೆಯಿತು. ಮೂರಕ್ಕೆ ಶಾಲೆ ಬಿಡುತ್ತದೆ. ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಮೊದಲು ಒಂದಷ್ಟು ಚಾಕಲೇಟು ಬಂತು. ಅದನ್ನು ಇನ್ನೊಂದು ಕೈಗೆ ಹಾಕಿಕೊಂಡು, ಅಡಿಯಿಂದ ಬೀಗದ ಕೈ ತೆಗೆದರು. ಅದರಲ್ಲಿ ಗುಬ್ಬಿ ಯಾವಾಗಲೋ ಕಟ್ಟಿದ ಕೆಂಪು ಉಲ್ಲನ್ನಿನ ಕುಚ್ಚು ಇತ್ತು. ಕೊಡಲು ಕೈ ಚಾಚಿದರು, ವಾಪಸು ತೆಗೆದುಕೊಂಡರು, ಮತ್ತೆ ಚಾಚಿದರು.

"ಅಂಚೆಯಣ್ಣಂಗೆ ಫೋನ್ ಮಾಡು," ಎಂದರು. "ಅವರ ಲೈಸೆನ್ಸಿಗೆ ಇನ್ನೂ ಜೀವ ಇದೆ. ದಾರಿ ನಾನು ಹೇಳ್ತೀನಿ."

ಅಂಚೆಯಣ್ಣ ಯಾವುದೋ ಬಾಗಿಲಿನ ಮುಂದೆ ಮೋಡ ಸರಿಯಲೆಂದು ಕಾಯುತ್ತಿದ್ದರಂತೆ, ಅಲ್ಲಿಂದಲೇ ಓಡಿ ಬಂದರು. ವಿಷಯ ಕೇಳಿ, ಮೇಷ್ಟ್ರ ಭುಜ ಒಮ್ಮೆ ಒತ್ತಿ, ಸೀಟನ್ನು ತಮ್ಮ ಕಾಲಿನ ಅಳತೆಗೆ ಮುಂದೆ ಎಳೆದುಕೊಂಡರು. ಶಾಲೆಯಲ್ಲಿ ಮೇಷ್ಟ್ರು ಒಬ್ಬರೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಡಾಕ್ಟರ ಚೀಟಿ ಅವರ ಕೈಯಲ್ಲಿತ್ತು. ಹತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು. ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು ಅಂಚೆಯಣ್ಣನ ಲೈಸೆನ್ಸನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಆಮೇಲೆ, ಹೊಸ ಚಾಲಕ ಸಿಗುವ ತನಕ ಹೀಗೇ ನಡೆಯಲಿ, ಪಕ್ಕದಲ್ಲಿ ಮಕ್ಕಳನ್ನು ಬಲ್ಲವರು ಒಬ್ಬರು ಕೂತಿರಲಿ, ಎಂದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಆದರೆ ಅವರು ವ್ಯಾನಿನ ಬಳಿಗೆ ಬಂದದ್ದು ಎಡಬದಿಯ ಬಾಗಿಲಿಗೆ. ಚಾಲಕನ ಬಾಗಿಲಿಗೆ ಕೈ ಹಾಕಲಿಲ್ಲ.

ಸಂಜೆ ಕೇಕಿನಕ್ಕ ಮಗಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗಂಡ ಅಲ್ಲೇ ಕೂತು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ, ತಡೆಯಲೂ ಇಲ್ಲ. ಗುಬ್ಬಿ ಒಂದು ಕಣ್ಣು ಮುಚ್ಚಿ, ಮುಷ್ಟಿಯನ್ನು ಇನ್ನೊಂದು ಕಣ್ಣಿನ ಮುಂದೆ ಹಿಡಿದು ಮನೆಯನ್ನೆಲ್ಲ ನೋಡಿದಳು. "ಅಮ್ಮ, ನೀನು ಇಲ್ಲ," ಎಂದಳು. "ಬಾಗಿಲು ಇದೆ, ಅಪ್ಪ ಇದಾರೆ, ನೀನು ಇಲ್ಲ." ಹಾಗೆ ಹೇಳಿ ಮುಷ್ಟಿ ಇಳಿಸಿ, ಅಮ್ಮ ಅಲ್ಲೇ ಇದ್ದಾಳೆಂದು ನೋಡಿಕೊಂಡಳು.

ಮಂಗಳವಾರ ಎಂಟಕ್ಕೆ ಐದು ನಿಮಿಷ ತಡವಾಗಿ ವ್ಯಾನು ಬಂತು. ಅಂಚೆಯಣ್ಣ ಗೇಟಿನ ಕಲ್ಲಿಗೆ ಎರಡು ಮಾರು ದೂರದಲ್ಲಿ ನಿಲ್ಲಿಸಿ, ನೆತ್ತಿಯ ಬೆವರು ಒರೆಸಿಕೊಂಡರು. ಮಕ್ಕಳು ಅವರಿಗೆ ಆಗಲೇ ಗೇರು ಹೇಗೆ ಹಾಕಬೇಕೆಂದು ಹೇಳಿಕೊಡುತ್ತಿದ್ದರು. ಮೇಷ್ಟ್ರು ಎಡಬದಿಯ ಸೀಟಿನಿಂದ ಇಳಿದು ಹಿಂದಿನ ಬಾಗಿಲು ತೆರೆದು ನಿಂತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಕ್ಯಾಮೆರಾ ಚೀಲ ಮಾತ್ರ ಇರಲಿಲ್ಲ. ಕೇಕಿನಕ್ಕನಿಗೆ ಏನಾದರೂ ಹೇಳಬೇಕೆನಿಸಿತು. "ಮೇಷ್ಟ್ರೇ, ಭಾನುವಾರ ರಟ್ಟು ತರ್ತೀನಿ," ಎಂದಳು. ಅವರು ಬಾಗಿಲಿನ ಹಿಡಿಯನ್ನು ಅಂಗೈಯಿಂದ ಒರೆಸಿದರು.

ಗುಬ್ಬಿ ಚೀಲ ಹೊತ್ತು ಓಡಿ ಹೋಗಿ ಅವರ ಮುಂದೆ ನಿಂತಳು. "ನನ್ನ ನಿನ್ನೆ ಚಾಕಲೇಟು?"

ಮೇಷ್ಟ್ರು ದನಿ ಬಂದ ಕಡೆ ನೆಟ್ಟಗೆ ನೋಡಿದರು. ಅಭ್ಯಾಸದಂತೆ ಕತ್ತು ವಾಲಿಸಲು ಹೋದರು. ಅಷ್ಟರಲ್ಲಿ ಗುಬ್ಬಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಎಡಕ್ಕೆ ಒಂದು ಹೆಜ್ಜೆ ಸರಿದಳು. ಸಾಲದೆಂದು ಕಂಡು ಇನ್ನೊಂದು ಹೆಜ್ಜೆ ಸರಿದಳು.

"ಈಗ?" ಎಂದಳು.

"ಹಾಂ," ಎಂದರು ಮೇಷ್ಟ್ರು, ಕತ್ತು ವಾಲಿಸದೆಯೇ. "ಅಲ್ಲೇ ಇರು." ಅವರ ಕೈ ಜೇಬಿಗೆ ಹೋಯಿತು.